ಮನಸ್ಸು ಬರಲಿ ಅಂತ ಕಾಯಬೇಡ

ತಮ್ಮಾ, ತಂಗೆವ್ವಾ,

ಯಾದಗಿರಿ, ಶಹಾಪುರ, ಸುರಪುರ ಕಡೆಯ ಸರ್ಕಾರಿ ದವಾಖಾನೆಗಳಲ್ಲೇ ನನ್ನ ನೌಕರಿ ಮುಗಿಯಿತು. ನಿವೃತ್ತಿಯಾದರೂ ಓಣಿಯವರಿಗೆ ನಾನು ಇನ್ನೂ ನರ್ಸಬಾಯಿಯೇ. ಬಿಪಿ ನೋಡಿಸುವ ನೆಪದಲ್ಲಿ ಬಂದು ಕೂತು, ಉಳಿದವರೆಲ್ಲ ಎದ್ದು ಹೋಗುವ ತನಕ ಕಾದು, "ಬಾಯಾರ, ಜೀವಕ್ಕ ಬ್ಯಾಸರ ಆಗ್ಯದ್ರಿ" ಎಂದು ಸಣ್ಣ ದನಿಯಲ್ಲಿ ಹೇಳುವವರು ಇವತ್ತಿಗೂ ಬರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿಟ್ಟಿದ್ದೇನೆ. ಬೆಳೆ ಕೈಕೊಟ್ಟಾಗ ನಾಲ್ಕು ದಿನ ಬರುವ ಬೇಸರದ ಮಾತು ಇದಲ್ಲ. ವಾರಗಟ್ಟಲೆ ಬಿಡದೆ ಕೂತು ಊಟ, ನಿದ್ದೆ, ದುಡಿಮೆ ಎಲ್ಲವನ್ನೂ ತಿನ್ನುವ ತೀವ್ರ ಖಿನ್ನತೆಯ ಮಾತು.

• ದವಾಖಾನೆಗೆ ಹೋಗುವ ಮನಸ್ಸು ಬರಲಿ, ಆಮೇಲೆ ಹೋದರಾಯಿತು ಎಂದು ಕೂಡಬೇಡ. ಬೇರೆ ಕಾಯಿಲೆಯವರಿಗೆ ಡಾಕ್ಟರ ಹತ್ತಿರ ಹೋಗಬೇಕು ಅನ್ನಿಸುತ್ತದೆ. ಇದು ಆ ಅನಿಸಿಕೆಯನ್ನೇ ಕಸಿದುಕೊಳ್ಳುವ ಕಾಯಿಲೆ. "ಹೋಗಿ ಏನಾಗಬೇಕಾಗ್ಯದ, ಯಾರಿಗೂ ಭಾರ ಆಗೋದು ಬ್ಯಾಡ" ಎಂದು ಒಳಗಿನಿಂದ ಬರುವ ಮಾತೂ ಕಾಯಿಲೆಯ ಲಕ್ಷಣವೇ. ಹಾಗಾಗಿ ತೀರ್ಮಾನವನ್ನು ನಿನ್ನ ಮನಸ್ಸಿನ ಮೇಲೆ ಬಿಡದೆ ಇನ್ನೊಬ್ಬರ ಕೈಗೆ ಕೊಡು. ಅಕ್ಕನೋ, ಕಾಕಾನೋ, ಜೊತೆಗೆ ಓದಿದ ಗೆಳೆಯನೋ, ಯಾರಾದರೂ ಒಬ್ಬರು. "ನನ್ನ ಕರಕೊಂಡು ಹೋಗು, ಆ ದಿನ ನಾ ಒಲ್ಲೆ ಅಂದ್ರೂ ಬಿಡಬ್ಯಾಡ" ಎಂದು ಹೇಳಿಡು. ಆ ದಿನಕ್ಕೆ ನೀನು ಮಾಡಬೇಕಾದದ್ದು ಅಷ್ಟೇ.

• ನಮ್ಮ ಕಡೆ ಈ ಕಾಯಿಲೆ ದುಃಖದ ವೇಷದಲ್ಲಿ ಬರುವುದು ಕಡಿಮೆ. ಎದೆ ಧಡಧಡ ಅಂತದ, ತಲೆ ಭಾರ, ಕೈಕಾಲು ಉರಿ, ಮೈಯಲ್ಲಿ ಕಸುವಿಲ್ಲ, ನಿದ್ದೆ ಹತ್ತವಲ್ದು ಎಂದೇ ಜನ ಹೇಳಿಕೊಳ್ಳುತ್ತಾರೆ. ಎಕ್ಸ್‌ರೇ, ಇಸಿಜಿ, ಸ್ಕ್ಯಾನಿಂಗ್ ಎಲ್ಲ ಆಗಿ, ಸಲೈನ್ ಹಚ್ಚಿಸಿಕೊಂಡು, ಶಕ್ತಿಯ ಇಂಜೆಕ್ಷನ್ ಚುಚ್ಚಿಸಿಕೊಂಡು ರೊಕ್ಕ ಕರಗಿದ ಮೇಲೂ ಉರಿ ಹೋಗುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೇ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚದಿರುವುದು, ಮೊಮ್ಮಗು ಬಂದು ತೊಡೆ ಏರಿದರೂ ಏನೂ ಅನ್ನಿಸದಿರುವುದು, ಮಾಡದ ತಪ್ಪಿಗೆ ತನ್ನನ್ನೇ ಬೈದುಕೊಳ್ಳುವುದು, ಎರಡು ವಾರ ದಾಟಿದರೂ ಇವು ಬಿಡದಿದ್ದರೆ ಖಿನ್ನತೆಯ ಅನುಮಾನ ಪಡು. ಊಟ ಬಿಟ್ಟಿದ್ದರೆ, ಹಾಸಿಗೆ ಬಿಟ್ಟು ಏಳದಿದ್ದರೆ, ಯಾರೂ ಇಲ್ಲದ ಕಡೆ ದನಿ ಕೇಳುತ್ತಿದ್ದರೆ, ಸಾಯುವ ಮಾತು ಬಂದರೆ ಎರಡು ವಾರ ಕಾಯುವುದೂ ಬೇಡ. ಅವತ್ತೇ ಹೊರಡು.

• ನಿನಗೊಬ್ಬನಿಗೇ ಬಂದಿದೆ ಅಂದುಕೊಳ್ಳಬೇಡ. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇಪ್ಪತ್ತು ಜನರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಬರುತ್ತದೆ. ಹಾಗೆ ನರಳುವ ನೂರು ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಎರಡನೆಯ ಲೆಕ್ಕ ನನ್ನನ್ನು ಹೆಚ್ಚು ಕಾಡುತ್ತದೆ. ವಾಸಿಯಾಗುವ ಕಾಯಿಲೆಯನ್ನು ಬಾಯಿ ಮುಚ್ಚಿಕೊಂಡು ಅನುಭವಿಸುವವರು ನಮ್ಮ ಒಂದೊಂದು ಓಣಿಯಲ್ಲೂ ಇದ್ದಾರೆ.

• ಎಲ್ಲಿಗೆ ಹೋಗಬೇಕು? ಮೊದಲು ಯಾದಗಿರಿಯ ಜಿಲ್ಲಾ ಆಸ್ಪತ್ರೆ. ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಈ ಕಾರ್ಯಕ್ರಮ ಹುಟ್ಟಿದ್ದು ನಮ್ಮ ಕಲ್ಯಾಣ ಕರ್ನಾಟಕದ ಬಳ್ಳಾರಿಯಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಮನಸ್ಸಿನ ಕಾಯಿಲೆಗೆ ಹಳ್ಳಿಯಲ್ಲೇ ಔಷಧ ಕೊಡಬಹುದು ಎಂದು ತೋರಿಸಿಕೊಟ್ಟರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶಕ್ಕೆಲ್ಲ ಹಬ್ಬಿಸಲು ಶುರು ಮಾಡಿದರು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಎಂಬ ಏರ್ಪಾಡಿದೆ. ಶಹಾಪುರಕ್ಕೆ ಯಾವ ಮಂಗಳವಾರ, ಸುರಪುರಕ್ಕೆ ಯಾವ ಮಂಗಳವಾರ ಮನೋವೈದ್ಯರು ಬರುತ್ತಾರೆ ಎಂದು ನಿಮ್ಮೂರ ಆಶಾ ಕಾರ್ಯಕರ್ತೆಯಿಂದಲೋ ಆಸ್ಪತ್ರೆಯ ಕೌಂಟರಿನಲ್ಲೋ ಮೊದಲೇ ಕೇಳಿಕೊಂಡು ಹೊರಡು. ಬಸ್ಸಿಳಿದು ಬಂದು ಖಾಲಿ ಕುರ್ಚಿ ನೋಡಿದವರು ಎರಡನೇ ಸಲ ಬರುವುದು ಕಷ್ಟ.

ಇಲ್ಲಿ ಆಗದಿದ್ದರೆ ಕಲಬುರಗಿ, ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ, ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಕೊನೆಗೆ ನಿಮ್ಹಾನ್ಸ್. ಹೆಣ್ಣುಮಕ್ಕಳಿಗೆ 2023ರ ಜೂನಿನಿಂದ ಸಾಮಾನ್ಯ ಸರ್ಕಾರಿ ಬಸ್ಸು ಪುಕ್ಕಟೆ. ಗಂಡಸರು ರೊಕ್ಕ ಕೊಡಲಿಲ್ಲ ಎಂಬ ಒಂದು ತಡೆಯಾದರೂ ಕಡಿಮೆಯಾಯಿತು.

• ಮನೆ ಬಿಟ್ಟು ಹೊರಡಲು ಕಾಲೇ ಬಾರದಿದ್ದರೆ 14416ಕ್ಕೆ ಫೋನ್ ಹಚ್ಚು. ಅದು ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ರೊಕ್ಕ ಬೀಳುವುದಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಏನು ಹೇಳಬೇಕೆಂದು ತಿಳಿಯದಿದ್ದರೆ "ನನಗ ಭಾಳ ದಿನದಿಂದ ಆರಾಮ ಇಲ್ರಿ" ಎಂದರೂ ಸಾಕು, ಮುಂದಿನದನ್ನು ಅವರೇ ಕೇಳಿಕೊಳ್ಳುತ್ತಾರೆ.

• "ಹುಚ್ಚರ ಡಾಕ್ಟರ್ ಕಡೆ ಹೋದ" ಎಂದು ಜನ ಅಂದಾರು ಎಂಬ ಹೆದರಿಕೆ ದೊಡ್ಡದು. ನನಗೆ ಗೊತ್ತು. ಮನೋವೈದ್ಯರ ಕೋಣೆಯ ಮುಂದಿನ ಬೆಂಚಿನಲ್ಲಿ ಕೂಡದೆ, ಅಲ್ಲಿಂದ ನಾಲ್ಕು ಬಾಗಿಲು ಆಚೆ ಚುಚ್ಚುಮದ್ದಿನ ಕೋಣೆ ಮುಂದೆ ಮಗು ಹೊತ್ತವರ ನಡುವೆ ನಿಂತು, ಸೆರಗು ಮೂಗಿನ ತನಕ ಎಳೆದುಕೊಂಡು, ತನ್ನ ಹೆಸರು ಕೂಗಿದಾಗ ಎರಡು ಸಲ ಸುಮ್ಮನಿದ್ದು ಮೂರನೇ ಸಲಕ್ಕೆ ಓಡಿ ಒಳಗೆ ಹೋದ ಹೆಣ್ಣುಮಗಳನ್ನು ಕಂಡಿದ್ದೇನೆ. ಒಳಗೆ ಹೋದಳಲ್ಲ, ಅದು ಮುಖ್ಯ. ನಿನಗೂ ನಾಚಿಕೆಯಾದರೆ ಆಗಲಿ, ಸೆರಗು ಎಳೆದುಕೊಂಡೇ ಹೋಗು. ರೋಗಿಯ ವಿಷಯ ಹೊರಗೆ ಬಿಡುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

ನಮ್ಮ ಬೆಂಗಳೂರಿನ ಹುಡುಗಿ, ಸಿನಿಮಾ ನಟಿ ದೀಪಿಕಾ ಪಡುಕೋಣೆ ತನಗೆ ಖಿನ್ನತೆ ಬಂದಿತ್ತು ಎಂದು 2015ರಲ್ಲಿ ಊರಿಗೆಲ್ಲ ಕೇಳುವಂತೆ ಹೇಳಿದಳು. ಹೆಸರು, ದುಡ್ಡು, ಕೆಲಸ ಯಾವುದಕ್ಕೂ ಕೊರತೆ ಇರಲಿಲ್ಲ. ಮಗಳ ಅಳುವಿನಲ್ಲಿ ಏನೋ ಬೇರೆಯಿದೆ ಎಂದು ಮೊದಲು ಗುರುತಿಸಿದ್ದು ತಾಯಿ. ಔಷಧ ತೆಗೆದುಕೊಳ್ಳಲು ದೀಪಿಕಾಳೂ ಮೊದಲು ಹಿಂಜರಿದಳು, ಆಮೇಲೆ ತೆಗೆದುಕೊಂಡಳು. ಮಕ್ಕಳ ಅಳುವಿನ ವ್ಯತ್ಯಾಸ ತಾಯಂದಿರಿಗೆ ತಿಳಿಯುತ್ತದೆ. ತಿಳಿದ ಮೇಲೆ "ದೃಷ್ಟಿಯಾಗ್ಯದ" ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಅಲ್ಲಿಗೇ ಬಿಡಬೇಡಿ ಎಂದು ಅವ್ವಂದಿರಿಗೆ ನನ್ನ ವಿನಂತಿ.

• ದೇವರಿಗೆ ಹೋಗಬೇಡ ಎಂದು ನಾನು ಯಾರಿಗೂ ಹೇಳಿಲ್ಲ. ಮೈಲಾಪುರದ ಮಲ್ಲಯ್ಯನಿಗೆ ಹೋಗು, ತಿಂಥಣಿ ಮೌನೇಶ್ವರನಿಗೆ ಹೋಗು, ದರ್ಗಾಕ್ಕೆ ಹೋಗಿ ಸಕ್ಕರೆ ಹಂಚು. ಹೋಗುವಾಗ ಗುಳಿಗೆಯ ಚೀಟಿ ಜೇಬಿನಲ್ಲಿರಲಿ. ಗುಜರಾತಿನ ಉನಾವಾ ಎಂಬ ಊರಿನ ಮೀರಾ ದಾತಾರ್ ದರ್ಗಾದಲ್ಲಿ ದವಾ-ದುವಾ ಎಂದು ಎರಡನ್ನೂ ಒಂದೇ ಅಂಗಳದಲ್ಲಿ ನಡೆಸುತ್ತಾರೆ. ಪ್ರಾರ್ಥನೆ ಮಾಡಿಸುವ ಮುಜಾವರರೇ ರೋಗಿಯನ್ನು ಡಾಕ್ಟರ ಹತ್ತಿರ ಕಳಿಸುತ್ತಾರೆ. ನಮ್ಮಲ್ಲೂ ಪೂಜಾರಿಗಳು, ಮುಜಾವರರು, ಸ್ವಾಮಿಗಳು "ಮೊದಲು ದವಾಖಾನೆಗೆ ತೋರಿಸಿದ್ರೇನು?" ಎಂದು ಒಂದು ಮಾತು ಕೇಳಿದರೆ ಎಷ್ಟೋ ಜೀವ ಉಳಿಯುತ್ತವೆ. ಕಟ್ಟಿಹಾಕುವುದು, ಹೊಡೆಯುವುದು, ಹೊಗೆ ಹಾಕುವುದು ಮಾತ್ರ ಯಾವ ದೇವರ ಹೆಸರಿನಲ್ಲೂ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಕಡೆ ಬೆಂಕಿ ಬಿದ್ದಾಗ ಇಪ್ಪತ್ತೈದಕ್ಕೂ ಹೆಚ್ಚು ರೋಗಿಗಳು ಸತ್ತರು. ಸರಪಳಿ ಕಟ್ಟಿದ್ದರಿಂದ ಓಡಲಾಗಲಿಲ್ಲ.

• ಇನ್ನು ಗುಳಿಗೆಯ ವಿಷಯ. ಇದನ್ನು ನಿಧಾನವಾಗಿ ಓದು.

ಖಿನ್ನತೆ ಹಗುರವಾಗಿದ್ದರೆ ಮಾತಿನ ಚಿಕಿತ್ಸೆ, ದಿನಚರಿ, ನಡಿಗೆ ಇವುಗಳಿಂದಲೇ ವಾಸಿಯಾಗಬಹುದು. ತೀವ್ರವಾಗಿದ್ದರೆ ಗುಳಿಗೆ ಮತ್ತು ಮಾತಿನ ಚಿಕಿತ್ಸೆ ಎರಡೂ ಕೂಡಿದರೆ ಫಲ ಹೆಚ್ಚು. ಊಟವೇ ಸೇರದೆ, ಕಣ್ಣು ಮುಚ್ಚದೆ, ಎದ್ದು ಕೂಡಲೂ ಕಸುವಿಲ್ಲದವರಿಗೆ "ಧೈರ್ಯ ತಂದ್ಕೋ" ಎಂದು ಬರೀ ಬುದ್ಧಿ ಹೇಳುವುದು ಅನ್ಯಾಯ. ಅವರು ಬುದ್ಧಿಮಾತು ಕೇಳುವ ಸ್ಥಿತಿಗೆ ಬರಬೇಕಾದರೂ ಔಷಧ ಬೇಕು.

ಫ್ಲೂಯಾಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಲೋಪ್ರಾಮ್ ಎಂಬವು ಸಾಮಾನ್ಯವಾಗಿ ಮೊದಲು ಬರೆಯುವ ಗುಳಿಗೆಗಳು. ಖಿನ್ನತೆಗೆ ಮೊದಮೊದಲು ಸಿಕ್ಕ ಔಷಧಗಳಲ್ಲಿ ಒಂದು ಟಿಬಿ ವಾರ್ಡಿನಲ್ಲಿ ಸಿಕ್ಕಿತು. 1950ರ ದಶಕದಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಟಿಬಿಗೆಂದು ಇಪ್ರೋನಯಜಿಡ್ ಕೊಟ್ಟಾಗ, ಮಂಕಾಗಿ ಮಲಗಿದ್ದ ರೋಗಿಗಳು ಎದ್ದು ಓಡಾಡಿ ನಗತೊಡಗಿದ್ದನ್ನು ಡಾಕ್ಟರುಗಳು ಕಂಡರು. ಟಿಬಿಯನ್ನು ನೆನಪಿಸಲು ಇನ್ನೊಂದು ಕಾರಣವಿದೆ. ಕೆಮ್ಮು ನಿಂತರೂ ಟಿಬಿ ಗುಳಿಗೆಯನ್ನು ಕೋರ್ಸು ಮುಗಿಯುವ ತನಕ ನುಂಗಬೇಕು ಎಂಬುದನ್ನು ನಮ್ಮ ಹಳ್ಳಿಗಳು ಕಲಿತಿವೆ. ಇಲ್ಲೂ ಅದೇ ಶಿಸ್ತು.

• ಇವತ್ತು ನುಂಗಿದರೆ ನಾಳೆ ಗುಣ ಕಾಣುವುದಿಲ್ಲ. ಎರಡು ವಾರಕ್ಕೆ ಸ್ವಲ್ಪ, ನಾಲ್ಕರಿಂದ ಆರು ವಾರಕ್ಕೆ ಚೆನ್ನಾಗಿ ಕಾಣುತ್ತದೆ. ಹೆಚ್ಚಿನವರಿಗೆ ಮೊದಲು ನಿದ್ದೆ ಬರುತ್ತದೆ, ಆಮೇಲೆ ಹಸಿವು, ಮನಸ್ಸು ಹಗುರಾಗುವುದು ಕೊನೆಗೆ. ಆದರೆ ತೊಂದರೆ ಮೊದಲ ವಾರವೇ ಬರುತ್ತದೆ: ಹೊಟ್ಟೆ ತೊಳಸುವುದು, ತಲೆನೋವು, ಒಳಗೊಳಗೆ ಚಡಪಡಿಕೆ. ಗುಣ ಕಾಣದ, ತೊಂದರೆ ಮಾತ್ರ ಕಾಣುವ ಆ ಹತ್ತು ಹದಿನೈದು ದಿನಗಳಲ್ಲೇ ಜನ ಗುಳಿಗೆ ಬಿಡುವುದು. ಊಟವಾದ ಮೇಲೆ ನುಂಗು, ಬಹಳ ಮಂದಿಗೆ ಈ ತೊಂದರೆ ಎರಡು ವಾರದೊಳಗೆ ಕಡಿಮೆಯಾಗುತ್ತದೆ. ಗಂಡಹೆಂಡಿರ ಸಂಬಂಧದಲ್ಲಿ ಆಸೆ ಕಡಿಮೆಯಾಗುವುದೂ ಉಂಟು. ಅದನ್ನು ಹೇಳಲು ನಾಚಿ ಸುಮ್ಮನೆ ಗುಳಿಗೆ ಬಿಟ್ಟ ಗಂಡಸರು ಬಹಳ. ಡಾಕ್ಟರಿಗೆ ಹೇಳಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ.

ಮೊದಲ ವಾರಗಳಲ್ಲಿ ಮನೆಯವರು ಕಣ್ಣಿಟ್ಟಿರಬೇಕು. ಅದರಲ್ಲೂ ಇಪ್ಪತ್ತೈದರೊಳಗಿನ ಹುಡುಗ ಹುಡುಗಿಯರಿಗೆ ಚಡಪಡಿಕೆ ಹೆಚ್ಚಾಗಿ ಸಾಯುವ ಯೋಚನೆ ಜಾಸ್ತಿಯಾದರೆ ಮುಂದಿನ ತಾರೀಖಿಗೆ ಕಾಯದೆ ಆ ದಿನವೇ ಡಾಕ್ಟರಿಗೆ ತಿಳಿಸಿ.

• ಮೊದಲ ಗುಳಿಗೆಯೇ ಎಲ್ಲರಿಗೂ ಪೂರ್ತಿ ಹಿಡಿಯುವುದಿಲ್ಲ. ಬದಲಿಸಬೇಕಾಗಬಹುದು, ಇನ್ನೊಂದನ್ನು ಕೂಡಿಸಬೇಕಾಗಬಹುದು. "ಇವರ ಕೈಗುಣ ಚಲೋ ಇಲ್ಲ" ಎಂದು ತಿಂಗಳಿಗೊಬ್ಬ ಡಾಕ್ಟರ ಹತ್ತಿರ ಓಡಿದರೆ ಪ್ರತಿ ಸಲವೂ ಮೊದಲಿನಿಂದ ಶುರು. ಒಬ್ಬರ ಹತ್ತಿರವೇ ಆರೆಂಟು ವಾರ ನಿಲ್ಲು.

• ಚಟ ಹತ್ತುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಖಿನ್ನತೆಯ ಗುಳಿಗೆ ಚಟ ಹತ್ತಿಸುವಂಥದ್ದಲ್ಲ. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ಮೈಯಲ್ಲಿ ಕರೆಂಟ್ ಹರಿದಂತೆ ಆಗುವುದು ನಿಜ. ಅದಕ್ಕೇ ಡಾಕ್ಟರು ಹಂತ ಹಂತವಾಗಿ ಇಳಿಸುತ್ತಾರೆ. ಚಟ ಹತ್ತುವುದು ಬೇರೆ ಗುಳಿಗೆಗೆ. ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೇಳಿ ತರುವ ನಿದ್ದೆ ಗುಳಿಗೆ ಇದೆಯಲ್ಲ, ಆಲ್ಪ್ರಜೋಲಾಮ್ ಜಾತಿಯದು, ಅದಕ್ಕೆ. ನುಂಗಿದ ರಾತ್ರಿಯೇ ನಿದ್ದೆ ಬರುವುದರಿಂದ ಅದು ಒಳ್ಳೆಯ ಔಷಧ ಅನ್ನಿಸುತ್ತದೆ. ಖಿನ್ನತೆಯನ್ನು ಅದು ಮುಟ್ಟುವುದೂ ಇಲ್ಲ. ಡಾಕ್ಟರು ಕೆಲವು ದಿನಕ್ಕೆಂದು ಬರೆದಿದ್ದರೆ ಅಷ್ಟೇ ದಿನ ತೆಗೆದುಕೋ, ಹಳೆ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡ.

• ಕುಡಿತ ಖಿನ್ನತೆಯನ್ನು ಹೆಚ್ಚಿಸುತ್ತದೆ, ಗುಳಿಗೆಯ ಕೆಲಸ ಕೆಡಿಸುತ್ತದೆ. ನಮ್ಮ ಸೀಮೆಯಲ್ಲಿ ಕಳ್ಳಮಾರ್ಗದಲ್ಲಿ ಸಿಗುವ ಸೇಂದಿಯ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಅದಕ್ಕೆ ಸಿ.ಎಚ್. ಪೌಡರ್ (ಕ್ಲೋರಲ್ ಹೈಡ್ರೇಟ್), ನಿದ್ದೆಯ ಔಷಧ ಬೆರೆಸುವುದು ಹಳೆಯ ದಂಧೆ. ಅದರ ಮೇಲೆ ಡಾಕ್ಟರ ಗುಳಿಗೆ ಬಿದ್ದರೆ ಉಸಿರಿಗೇ ಅಪಾಯ. ಆ ಸೇಂದಿಯನ್ನು ಒಮ್ಮೆಲೇ ಬಿಟ್ಟರೂ ಫಿಟ್ಸ್ ಬರಬಹುದು. ಕುಡಿಯುತ್ತಿದ್ದರೆ ಎಷ್ಟು ಎಂಬುದನ್ನು ಮುಚ್ಚಿಡದೆ ಹೇಳು.

• ಡಾಕ್ಟರ ಮುಂದೆ ಹೇಳಲೇಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಹಿಂದೆ ಯಾವಾಗಲಾದರೂ ನಿದ್ದೆಯಿಲ್ಲದೆಯೂ ದಣಿಯದೆ, ವಿಪರೀತ ಮಾತಾಡಿ, ಸಾಲ ಮಾಡಿ ಖರ್ಚು ಮಾಡಿದ ದಿನಗಳಿದ್ದವೇ? ಇದ್ದರೆ ಕಾಯಿಲೆಯೇ ಬೇರೆಯಿರಬಹುದು, ಬರೀ ಖಿನ್ನತೆಯ ಗುಳಿಗೆ ಕೊಟ್ಟರೆ ಮತ್ತೆ ಆ ಅತಿರೇಕಕ್ಕೆ ತಿರುಗಬಹುದು. ಬಸುರಿಯೇ, ಮೊಲೆ ಕುಡಿಸುತ್ತಿದ್ದೀಯಾ? ಬಿಪಿ, ಸಕ್ಕರೆ, ಥೈರಾಯ್ಡ್ ಇದೆಯೇ? ಸೊಂಟನೋವಿಗೆಂದು ದಿನವೂ ನೋವಿನ ಗುಳಿಗೆ ನುಂಗುತ್ತೀಯಾ? ಇದನ್ನು ಹೇಳಲೇಬೇಕು, ಅದೂ ಖಿನ್ನತೆಯ ಗುಳಿಗೆಯೂ ಕೂಡಿದರೆ ಹೊಟ್ಟೆಯಲ್ಲಿ ರಕ್ತ ಒಸರುವ ಸಂಭವ ಹೆಚ್ಚು. ರಂಜಾನ್ ಉಪವಾಸವಿದ್ದರೆ ಗುಳಿಗೆ ಬಿಡದೆ ಹೊತ್ತು ಬದಲಿಸಿಕೊಡಿ ಎಂದು ಕೇಳು. ಮನಸ್ಸಿನ ಏರಿಳಿತಕ್ಕೆಂದು ಲಿಥಿಯಂ ಎಂಬ ಗುಳಿಗೆ ಬರೆದಿದ್ದರೆ ನಮ್ಮ ಏಪ್ರಿಲ್ ಮೇ ಬಿಸಿಲಿನಲ್ಲಿ ನೀರು ಕುಡಿಯುವುದನ್ನು ಮರೆಯಬೇಡ. ಮೈಯಲ್ಲಿ ನೀರು ಕಡಿಮೆಯಾದರೆ ಅದು ರಕ್ತದಲ್ಲಿ ಏರಿ ವಿಷವಾಗುತ್ತದೆ. ಹೇಳಿದ ತಾರೀಖಿಗೆ ರಕ್ತ ಪರೀಕ್ಷೆ ಆಗಲೇಬೇಕು.

• ಕರೆಂಟ್ ಚಿಕಿತ್ಸೆಗೆ ಹೆದರಬೇಡ. ಊಟ ನೀರು ಪೂರ್ತಿ ಬಿಟ್ಟವರಿಗೆ, ಗುಳಿಗೆ ಹಿಡಿಯದವರಿಗೆ ಅದು ಜೀವ ಉಳಿಸುತ್ತದೆ. ಅರಿವಳಿಕೆ ಕೊಡದೆ ಮಾಡುವುದನ್ನು ಅದೇ 2017ರ ಕಾಯ್ದೆ ನಿಷೇಧಿಸಿದೆ.

• ಬಾಣಂತಿ ಗೋಡೆ ಕಡೆ ಮುಖ ಮಾಡಿ ಮಲಗಿ, ಕೂಸು ಅತ್ತರೂ ತಿರುಗಿ ನೋಡದಿದ್ದರೆ "ಸೊಕ್ಕು" ಎನ್ನಬೇಡಿ, "ಸನ್ನಿ" ಎಂದು ಕೋಣೆ ಬಾಗಿಲು ಹಾಕಿ ಹೊಗೆಯಲ್ಲಿ ಕೂಡಿಸಬೇಡಿ. ಹೆರಿಗೆಯ ನಂತರದ ಖಿನ್ನತೆಗೆ ಚಿಕಿತ್ಸೆ ಇದೆ. ಸರ್ಟ್ರಲಿನ್‌ನಂಥ ಗುಳಿಗೆ ಎದೆಹಾಲಿಗೆ ಹೋಗುವುದು ಬಹಳ ಕಡಿಮೆ. ಅವಳು ತಪ್ಪು ತಪ್ಪಾಗಿ ಮಾತಾಡುತ್ತಿದ್ದರೆ, ಕೂಸಿನ ಮೇಲೆ ಅನುಮಾನ ಪಡುತ್ತಿದ್ದರೆ ತಾಯಿ ಮಗುವನ್ನು ಒಂಟಿಯಾಗಿ ಬಿಡದೆ ಅದೇ ಹೊತ್ತಿಗೆ ದವಾಖಾನೆಗೆ ಗಾಡಿ ಕಟ್ಟಿ.

• ಮದುವೆ ಮಾಡಿದರೆ ಸರಿ ಹೋಗುತ್ತಾನೆ ಎಂಬ ಮಾತನ್ನು ಹಿರಿಯರು ಇವತ್ತೇ ಬಿಡಬೇಕು. ಎರಡು ಮನೆಗಳು ಹಾಳಾಗುತ್ತವೆ. ಮೊದಲು ಚಿಕಿತ್ಸೆ, ಗುಣವಾದ ಮೇಲೆ ಅವನೇ ಹೇಳಲಿ ಮದುವೆ ಬೇಕೋ ಬೇಡವೋ.

• ಮನೆಯವರೇ, ಅನುಮಾನವಿದ್ದರೆ ಬಾಯಿಬಿಟ್ಟು ಕೇಳಿ: "ಸಾಯಬೇಕು ಅನ್ನಿಸ್ತದೇನಪ್ಪ?" ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯಾರಾದರೂ ಕೇಳಲಿ ಎಂದು ಕಾಯುತ್ತಿರುವವರೇ ಹೆಚ್ಚು. ಹೌದು ಎಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ, ಒಂಟಿಯಾಗಿ ಬಿಡಬೇಡಿ. ಹತ್ತಿಗೆ, ತೊಗರಿಗೆ, ಭತ್ತಕ್ಕೆ ಹೊಡೆಯುವ ವಿಷದ ಎಣ್ಣಿ ಡಬ್ಬಿಗಳು ನಮ್ಮ ಮನೆಗಳಲ್ಲಿ ಜೋಳದ ಚೀಲದ ಪಕ್ಕದಲ್ಲೇ ಇರುತ್ತವೆ. ಅವನ್ನೆಲ್ಲ ಮನೆಯಿಂದ ಹೊರಗೆ ಸಾಗಿಸಿ. ಅಣ್ಣತಮ್ಮಂದಿರ ಮನೆಯಲ್ಲಿ ಬೀಗ ಹಾಕಿಡಿ, ಹೊಡೆಯುವ ದಿನ ಬೇಕಾದಷ್ಟೇ ತನ್ನಿ. ಸಾಯಬೇಕು ಅನ್ನಿಸುವ ಆ ಗಳಿಗೆ ಎಷ್ಟೇ ಗಟ್ಟಿಯಾಗಿ ಹಿಡಿದರೂ ದಾಟಿ ಹೋಗುವಂಥದ್ದು. ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಡಾಕ್ಟರು ಕೊಟ್ಟ ತಿಂಗಳ ಗುಳಿಗೆಯೂ ಮನೆಯವರ ಹತ್ತಿರವೇ ಇರಲಿ, ದಿನಕ್ಕೆ ಎಷ್ಟೋ ಅಷ್ಟು ಕೊಡಿ.

ಅನಾಹುತ ಆಗಿಬಿಟ್ಟಿದ್ದರೆ 108ಕ್ಕೆ ಫೋನ್ ಮಾಡಿ ನೇರ ದವಾಖಾನೆಗೆ. ಕೇಸಾಗುತ್ತದೆ ಎಂದು ಹೆದರಿ ಮನೆಮದ್ದು ಮಾಡುತ್ತ ಹೊತ್ತು ಕಳೆಯಬೇಡಿ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಜೀವ ಕಳೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಶಿಕ್ಷೆ ಮಾಡುವಂತಿಲ್ಲ. ಅವರ ಆರೈಕೆ ಸರ್ಕಾರದ ಹೊಣೆ.

• "ಸಾಲಕ್ಕ ಗುಳಿಗಿ ಅದಾ ಏನ್ರಿ?" ಎಂದು ಕೇಳುವ ರೈತರಿಗೆ ನನ್ನ ಉತ್ತರ: ಇಲ್ಲ. ಗುಳಿಗೆ ಸಾಲ ತೀರಿಸುವುದಿಲ್ಲ, ಮಳೆ ತರಿಸುವುದಿಲ್ಲ. ಆದರೆ ಸಾಲದವನ ಎದುರು ಕೂತು ಮಾತಾಡಲು, ಬ್ಯಾಂಕಿಗೆ ಅರ್ಜಿ ಕೊಡಲು ಬೇಕಾದ ನಿದ್ದೆಯನ್ನೂ ತಲೆಯನ್ನೂ ಮರಳಿ ಕೊಡುತ್ತದೆ. ಸಾಲದ ದಾರಿ ಸಾಲಕ್ಕೆ, ಕಾಯಿಲೆಯ ದಾರಿ ಕಾಯಿಲೆಗೆ. ಎರಡನ್ನೂ ಹಿಡಿ.

• ಗುಳೆ ಹೋಗುವವರು ಡಾಕ್ಟರಿಗೆ ಮೊದಲೇ ಹೇಳಿ. ಬೆಂಗಳೂರು, ಪುಣೆ, ಮುಂಬೈ ಎಲ್ಲಿಗೆ ಹೋದರೂ ಗುಳಿಗೆಯ ಹೆಸರು, ಪ್ರಮಾಣ ಬರೆದ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಅದೇ ಔಷಧ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. 14416 ದೇಶದ ಎಲ್ಲ ಕಡೆಯೂ ಒಂದೇ ನಂಬರು.

• ಆರಾಮಾಯಿತು ಅನ್ನಿಸಿದ ದಿನ ಗುಳಿಗೆ ನಿಲ್ಲಿಸಬೇಡ. ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಹಿಂದೆಯೂ ಬಂದಿದ್ದರೆ ಎರಡು ವರ್ಷವೋ ಇನ್ನೂ ಹೆಚ್ಚೋ ಎಂದು ಡಾಕ್ಟರು ಹೇಳುತ್ತಾರೆ. ನಿಲ್ಲಿಸುವ ಕಾಲ ಬಂದಾಗ ಸುಗ್ಗಿ, ಮಗಳ ಮದುವೆ, ಮಕ್ಕಳ ಪರೀಕ್ಷೆಯಂಥ ಗದ್ದಲದ ತಿಂಗಳನ್ನು ಬಿಟ್ಟು ಆರಿಸಿಕೋ. ಮೊದಲ ಸಲ ಕಾಯಿಲೆ ಹೇಗೆ ಶುರುವಾಯಿತು ಎಂಬುದನ್ನು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡು: ಬೆಳಗಿನ ಜಾವದ ಎಚ್ಚರವೋ, ರೊಟ್ಟಿ ರುಚಿಸದಿದ್ದುದೋ, ಫೋನ್ ಎತ್ತಲು ಬೇಸರವೋ. ಅದು ಮತ್ತೆ ಕಂಡರೆ ಅದೇ ವಾರ ಹಳೆ ಚೀಟಿ ಹಿಡಿದು ಅದೇ ಡಾಕ್ಟರ ಹತ್ತಿರ ಹೋಗು.